ತೂಗುವುದು ಬೇರೆ, ತಗ್ಗುವುದು ಬೇರೆ

ಪ್ರಶ್ನೆ: ನಾನು ಗೋಕಾಕ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹೋದ ವರ್ಷ ಬೆಳಗಾವಿಯಲ್ಲಿ 2014ರ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಸೆಡಾನ್ ಕಾರು ಕೊಂಡೆವು. 1,12,000 ಕಿ.ಮೀ. ಓಡಿದೆ. ಮೊದಲಿನ ಮಾಲೀಕರು ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂರಿಸಿದ್ದಾರೆ. ಇಂಜಿನ್ ಚೆನ್ನಾಗಿದೆ. ಆದರೆ ಯರಗಟ್ಟಿಯಿಂದ ಸವದತ್ತಿ ಕಡೆ 70ರ ವೇಗದಲ್ಲಿ ಹೋದರೆ ಕಾರು ತೊಟ್ಟಿಲಿನ ಹಾಗೆ ತೂಗುತ್ತದೆ. ಮಗನಿಗೆ ಪ್ರತಿ ಸಲ ವಾಂತಿ. ಅತ್ತೆಯವರು ಮತ್ತು ಇಬ್ಬರು ಮಕ್ಕಳು ಹಿಂದೆ ಕೂತಾಗ ಹಂಪ್ಸ್ ದಾಟಿದರೆ ಹಿಂದಿನಿಂದ ‘ಧಡ್’ ಎನ್ನುತ್ತದೆ. ನಿಧಾನವಾಗಿ ಹೋಗುವಾಗ ಮುಂದಿನ ಎಡಗಡೆ ‘ಟಕ್ ಟಕ್’ ಸದ್ದು. ಒಂದು ಗ್ಯಾರೇಜಿನವರು ನಾಲ್ಕೂ ಶಾಕಪ್, ನಾಲ್ಕೂ ಸ್ಪ್ರಿಂಗ್ ಬದಲಿಸಬೇಕು, 34,000 ರೂಪಾಯಿ ಆಗುತ್ತದೆ ಎಂದರು. ಇನ್ನೊಬ್ಬರು 2,400 ರೂಪಾಯಿಗೆ ಸ್ಪ್ರಿಂಗ್ ನಡುವೆ ರಬ್ಬರ್ ಹಾಕಿದರೆ ಸಾಕು ಎಂದರು. ಮೂರನೆಯವರು ಹಳೇ ಗಾಡಿ ಹೀಗೇ ಇರುತ್ತದೆ ಎಂದರು. ಈಗ 15,000ಕ್ಕಿಂತ ಜಾಸ್ತಿ ಹಾಕಲು ನಮಗೆ ಆಗುವುದಿಲ್ಲ. ಏನು ಮಾಡಲಿ?

ಉತ್ತರ: ಅಕ್ಕೋರೇ, ಮೂವರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನಾಲ್ಕೂ ಸ್ಪ್ರಿಂಗ್ ಬದಲಿಸುವ ಕಾರಣ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ. ರಬ್ಬರ್ ಬೇಡವೇ ಬೇಡ. ಹಳೇ ಗಾಡಿ ಹೀಗೇ ಎನ್ನುವ ಮಾತನ್ನಂತೂ ನಾನು ಒಪ್ಪುವುದಿಲ್ಲ. ಇಷ್ಟು ಓಡಿದ ಕಾರಿನ ಸಸ್ಪೆನ್ಷನ್, ಅಂದರೆ ಚಕ್ರಕ್ಕೂ ಕಾರಿಗೂ ನಡುವೆ ಕೂತು ಪೆಟ್ಟು ತಡೆಯುವ ಸ್ಪ್ರಿಂಗ್, ಶಾಕಪ್ ಇತ್ಯಾದಿ, ಸವೆದಿರುತ್ತದೆ, ನಿಜ. ಆದರೆ ಸವೆದದ್ದನ್ನು ಸರಿ ಮಾಡಬಹುದು. ಎಲ್ಲವನ್ನೂ ಒಂದೇ ದಿನ ಮಾಡಬೇಕಾಗಿಯೂ ಇಲ್ಲ.

ನೀವು ಹೇಳಿದ್ದು ಒಂದು ತೊಂದರೆ ಅಲ್ಲ, ಮೂರು. ತೂಗುವುದು ಒಂದು, ಧಡ್ ಎನ್ನುವುದು ಇನ್ನೊಂದು, ಟಕ್ ಟಕ್ ಮೂರನೆಯದು. ಮೂರಕ್ಕೂ ಬೇರೆ ಬೇರೆ ಕಾರಣ ಇರಬಹುದು. ಗ್ಯಾರೇಜಿನಲ್ಲಿ ಮೂರನ್ನೂ ಸೇರಿಸಿ ‘ಸಸ್ಪೆನ್ಷನ್ ಹೋಗಿದೆ’ ಎಂದುಬಿಡುತ್ತಾರೆ. ದುಡ್ಡು ಪೋಲಾಗುವುದು ಅಲ್ಲೇ.

ಮೊದಲು ಸ್ಪ್ರಿಂಗ್ ಮತ್ತು ಶಾಕಪ್ ಎರಡರ ಕೆಲಸ ಬೇರೆ ಎಂಬುದು ಗೊತ್ತಿರಬೇಕು. ಕಾರಿನ ತೂಕ ಹೊರುವುದು ಸ್ಪ್ರಿಂಗ್. ಶಾಕಪ್ ತೂಕ ಹೊರುವುದಿಲ್ಲ. ಪಂಚಮಿ ಜೋಕಾಲಿ ನೆನಪಿಸಿಕೊಳ್ಳಿ. ಒಮ್ಮೆ ಜೀಕಿ ಬಿಟ್ಟರೆ ಅದು ತನ್ನಷ್ಟಕ್ಕೆ ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಯಾರಾದರೂ ಕೈ ಹಾಕಿ ಹಿಡಿದರೆ ನಿಲ್ಲುತ್ತದೆ. ಆ ಹಿಡಿಯುವ ಕೈಯೇ ಶಾಕಪ್. ಬೆಳಗಾವಿಯ ಉದ್ಯಮಬಾಗದ ವರ್ಕ್‌ಶಾಪುಗಳಲ್ಲಿ ಹೈಡ್ರಾಲಿಕ್ ಸಿಲಿಂಡರ್ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಶಾಕಪ್ ಒಳಗೆ ಆಯಿಲ್ ಇರುತ್ತದೆ, ಅದರಲ್ಲಿ ಒಂದು ಪಿಸ್ಟನ್ ಆಡುತ್ತದೆ. ಪಿಸ್ಟನ್‌ನಲ್ಲಿ ಸಣ್ಣ ಸಣ್ಣ ತೂತುಗಳು. ಚಕ್ರ ಮೇಲೆ ಕೆಳಗೆ ಆದಾಗ ಆಯಿಲ್ ಆ ತೂತುಗಳಲ್ಲಿ ನುಸುಳಲು ಒದ್ದಾಡುತ್ತದೆ. ಕುಣಿತದ ಶಕ್ತಿಯೆಲ್ಲ ಅಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ವರ್ಷಗಳು ಕಳೆದಂತೆ ಸೀಲ್ ಸವೆದು ಆಯಿಲ್ ಸೋರುತ್ತದೆ, ಒಳಗಿನ ವಾಲ್ವ್ ಸಡಿಲಾಗುತ್ತದೆ. ಆಗ ಹಿಡಿಯುವ ಕೈಗೆ ಬಲ ಇರುವುದಿಲ್ಲ.

ಸ್ಪ್ರಿಂಗ್ ವಿಷಯದಲ್ಲಿ ಬಹಳ ಜನ ತಪ್ಪು ತಿಳಿದಿದ್ದಾರೆ. ವಯಸ್ಸಾದರೆ ಸ್ಪ್ರಿಂಗ್ ಮೆತ್ತಗಾಗುತ್ತದೆ ಎನ್ನುತ್ತಾರೆ. ಉಕ್ಕು ಹಾಗೆ ಮೆತ್ತಗಾಗುವುದಿಲ್ಲ. ಅದು ಗಿಡ್ಡಾಗುತ್ತದೆ. ವರ್ಷಗಟ್ಟಲೆ ಜಾಸ್ತಿ ಭಾರ ಹೊತ್ತರೆ ಶಾಶ್ವತವಾಗಿ ಒಂದಿಷ್ಟು ಕುಸಿದು ಕೂತುಬಿಡುತ್ತದೆ. ಆಗ ಕಾರು ತಗ್ಗುತ್ತದೆ, ಚಕ್ರಕ್ಕೆ ಮೇಲೆ ಹೋಗಲು ಜಾಗ ಕಡಿಮೆಯಾಗುತ್ತದೆ. ಆದ್ದರಿಂದ ಕಾರು ತೂಗಾಡಿದರೆ ಮೊದಲ ಅನುಮಾನ ಶಾಕಪ್ ಮೇಲೆ. ಕಾರು ತಗ್ಗಿದ್ದರೆ ಸ್ಪ್ರಿಂಗ್ ಮೇಲೆ. ಟಕ್ ಟಕ್, ಕಟಕಟ ಎಂದರೆ ಬುಷ್ (ಲೋಹದ ಭಾಗಗಳು ಕೂಡುವಲ್ಲಿ ಇರುವ ರಬ್ಬರ್) ಮತ್ತು ಜಾಯಿಂಟ್‌ಗಳ ಮೇಲೆ.

ನಿಮ್ಮ ಕಾರು ಯರಗಟ್ಟಿ–ಸವದತ್ತಿ ರಸ್ತೆಯಲ್ಲೇ ಯಾಕೆ ಅಷ್ಟು ತೂಗುತ್ತದೆ ಎಂಬುದಕ್ಕೂ ಕಾರಣ ಇದೆ. ಆ ಸೀಮೆ ಎರೆ ಭೂಮಿ. ಮಳೆಗಾಲದಲ್ಲಿ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಮೇಲೆ ಹಾಕಿದ ಡಾಂಬರು ಒಡೆಯದೇ ಇದ್ದರೂ ಅಲೆ ಅಲೆಯಾಗುತ್ತದೆ. ತಗ್ಗು ಗುಂಡಿಯಲ್ಲಾದರೆ ಟೈರು, ಬುಷ್ ಎಲ್ಲ ಸೇರಿ ಪೆಟ್ಟು ತಿನ್ನುತ್ತವೆ. ಉದ್ದನೆಯ ಅಲೆಯ ಮೇಲೆ ಶಾಕಪ್ ಒಂದೇ ಕಾರನ್ನು ಹಿಡಿಯಬೇಕು. ಅದು ಸತ್ತಿದ್ದರೆ ಮೊದಲ ಅಲೆಯ ತೂಗು ನಿಲ್ಲುವ ಮೊದಲೇ ಎರಡನೆಯದು ಬರುತ್ತದೆ. ಹೊಟ್ಟೆ ತೊಳಸುವುದು ಇಂಥ ನಿಧಾನದ ತೂಗಾಟದಿಂದಲೇ. ನಿಮ್ಮ ಮಗನ ವಾಂತಿ ಈ ಕಾರಿನ ರೋಗದ ಒಂದು ಲಕ್ಷಣ ಎಂದೇ ನಾನು ನೋಡುತ್ತೇನೆ. ಹುಡುಗನಿಗೆ ಗುಳಿಗೆ ಕೊಡುವ ಮೊದಲು ಶಾಕಪ್ ನೋಡಿಸಿ.

ಇದು ಬರೀ ಆರಾಮದ ಮಾತೂ ಅಲ್ಲ. ಶಾಕಪ್ ಸತ್ತ ಕಾರಿನ ಟೈರು ರಸ್ತೆಯನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ. ಬ್ರೇಕ್ ಒತ್ತಿದರೆ ಮೂತಿ ನೆಲಕ್ಕೆ ಬಾಗುತ್ತದೆ, ನಿಲ್ಲಲು ಜಾಸ್ತಿ ದೂರ ಬೇಕಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಹೊತ್ತು ಎದುರಿಗೆ ಎರಡು ಟ್ರೇಲರ್ ಎಳೆದುಕೊಂಡು ಹಿಂದೆ ದೀಪ ಇಲ್ಲದ ಟ್ರ್ಯಾಕ್ಟರ್ ಸಿಗುತ್ತದೆ. ಆಗ ಆ ಜಾಸ್ತಿ ದೂರ ನಿಮ್ಮ ಹತ್ತಿರ ಇರುವುದಿಲ್ಲ.

ಈಗ ಒಂದು ರವಿವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಬೆಳಿಗ್ಗೆ ಕಾರು ಓಡಿಸುವ ಮೊದಲೇ ಟೈರಿನ ಗಾಳಿ ನೋಡಿಸಿ. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲ ಕಂಬದ ಮೇಲಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಪೂರ್ತಿ ಜನ ತುಂಬಿದಾಗ ಹಿಂದೆ ಜಾಸ್ತಿ ಬೇಕು ಎಂದೂ ಬಹಳ ಕಾರುಗಳಲ್ಲಿ ಬರೆದಿರುತ್ತದೆ. ಗಾಳಿ ಕಡಿಮೆ ಇದ್ದರೂ ಕಾರು ಮೆತ್ತಗೆ, ಸೋಮಾರಿಯಾಗಿ ವಾಲುತ್ತದೆ. ಪುಕ್ಕಟೆ ಸರಿಹೋಗುವುದನ್ನು ಮೊದಲು ಮಾಡಿಬಿಡೋಣ.

ಆಮೇಲೆ ಕಾರನ್ನು ಸಮತಟ್ಟಾದ ಜಾಗದಲ್ಲಿ, ಒಳಗೆ ಯಾರೂ ಇಲ್ಲದಂತೆ ನಿಲ್ಲಿಸಿ. ಶಾಲೆಯ ಅಂಗಳದ ಕಾಂಕ್ರೀಟ್ ಇದ್ದರೆ ಒಳ್ಳೆಯದು. ಟೇಪು ಹಿಡಿದು ಪ್ರತಿ ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನ ತನಕ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಸವೆತವೂ ಗಾಳಿಯೂ ಲೆಕ್ಕ ಕೆಡಿಸುತ್ತವೆ. ನಾಲ್ಕೂ ಅಳತೆ ಬರೆದಿಡಿ. ಎಡಕ್ಕೂ ಬಲಕ್ಕೂ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಒಂದು ಕಡೆಯ ಸ್ಪ್ರಿಂಗ್ ಕುಸಿದಿರಬಹುದು, ಇಲ್ಲವೇ ಮುರಿದಿರಬಹುದು. ಕೆಳಗಿನ ಕೊನೆಯ ಸುತ್ತು ಮುರಿದಿದ್ದರೆ ಮೇಲಿನಿಂದ ಕಾಣುವುದೇ ಇಲ್ಲ, ಟಾರ್ಚ್ ಹಾಕಿ ನೋಡಬೇಕು. ನಿಮ್ಮದೇ ಮಾಡೆಲ್‌ನ, ಸಿಎನ್‌ಜಿ ಇಲ್ಲದ ಕಾರು ಊರಲ್ಲಿ ಯಾರ ಹತ್ತಿರವಾದರೂ ಇದ್ದರೆ ಅದನ್ನೂ ಅಳೆಯಿರಿ. ಹಿಂದೆ ಎಷ್ಟು ತಗ್ಗಿದೆ ಎಂಬುದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ನಿಮ್ಮ ಪತ್ರದಲ್ಲಿ ಸಿಎನ್‌ಜಿ ಎಂಬ ಮಾತು ಓದಿದ ಕೂಡಲೇ ನನ್ನ ಗಮನ ಹಿಂದಿನ ಸ್ಪ್ರಿಂಗ್ ಕಡೆ ಹೋಯಿತು. ಉಕ್ಕಿನ ಸಿಲಿಂಡರ್, ಅದರ ಸ್ಟ್ಯಾಂಡ್, ಒಳಗಿನ ಗ್ಯಾಸ್ ಎಲ್ಲ ಸೇರಿದರೆ ಒಬ್ಬ ದೊಡ್ಡ ಮನುಷ್ಯನ ತೂಕ. ಆ ಮನುಷ್ಯ ಡಿಕ್ಕಿಯಲ್ಲಿ ಹಗಲು ರಾತ್ರಿ ಕೂತೇ ಇದ್ದಾನೆ. ಅವನ ಮುಂದೆ ಮೂವರು ಕೂತರೆ ಹಂಪ್ಸ್ ಮೇಲೆ ಸ್ಪ್ರಿಂಗ್‌ಗೆ ಕುಗ್ಗಲು ಜಾಗ ಉಳಿಯುವುದಿಲ್ಲ. ಕೊನೆಯಲ್ಲಿ ಬಂಪ್ ಸ್ಟಾಪ್ ಎಂಬ ರಬ್ಬರಿನ ತುಂಡಿಗೆ ಹೊಡೆಯುತ್ತದೆ. ಆ ರಬ್ಬರ್ ಕೂಡ ಪುಡಿಯಾಗಿದ್ದರೆ ಕಬ್ಬಿಣಕ್ಕೆ ಕಬ್ಬಿಣ. ನೀವು ಕೇಳುವ ಧಡ್ ಅದೇ ಇರಬೇಕು.

ಕಂಪನಿಯಿಂದಲೇ ಸಿಎನ್‌ಜಿ ಹಾಕಿ ಬರುವ ಮಾಡೆಲ್‌ಗಳಲ್ಲಿ ಈ ಭಾರ ಲೆಕ್ಕ ಹಿಡಿದೇ ಸಸ್ಪೆನ್ಷನ್ ಹೊಂದಿಸಿರುತ್ತಾರೆ. ನಿಮ್ಮದು ಆಮೇಲೆ ಕೂರಿಸಿದ್ದು. ಹೀಗಾಗಿ ಹಿಂದಿನ ಸ್ಪ್ರಿಂಗ್ ಬದಲಿಸುವ ಹೊತ್ತು ಬಂದರೆ ಪಾರ್ಟ್ಸ್ ಅಂಗಡಿಯಲ್ಲಿ ಸುಮ್ನೆ ‘ಒಂದು ಜೋಡಿ ಸ್ಪ್ರಿಂಗ್ ಕೊಡಿ’ ಎನ್ನಬೇಡಿ. ನಿಮ್ಮ ಕಾರಿಗೆ ಕಂಪನಿ ಸಿಎನ್‌ಜಿ ಮಾಡೆಲ್ ಇದೆಯೇ, ಅದರ ಹಿಂದಿನ ಸ್ಪ್ರಿಂಗ್‌ಗೆ ಬೇರೆ ಪಾರ್ಟ್ ನಂಬರ್ ಇದೆಯೇ ಎಂದು ಕೇಳಿ. ಇದ್ದರೆ ಅದೇ ನಿಮಗೆ ಸರಿಯಾದದ್ದು. ಇದೇ ಸಂದರ್ಭದಲ್ಲಿ ಸಿಲಿಂಡರ್‌ನ ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಹಾಕಿ ಮಾಡುವ ಪರೀಕ್ಷೆ) ಯಾವಾಗ ಆಗಿದೆ ಎಂದೂ ನೋಡಿಕೊಳ್ಳಿ. 3 ವರ್ಷಕ್ಕೊಮ್ಮೆ ಆಗಲೇಬೇಕು. ಆರ್‌ಸಿಯಲ್ಲಿ ಸಿಎನ್‌ಜಿ ನಮೂದಾಗಿದೆಯೇ ಎಂಬುದನ್ನೂ ನೋಡಿ.

ಅಳತೆ ಆದಮೇಲೆ ಒಂದೊಂದು ಮೂಲೆಯನ್ನೂ ಎರಡೂ ಕೈಯಿಂದ ಜೋರಾಗಿ ಒತ್ತಿ ಬಿಡಿ. ಎರಡು ಮೂರು ಸಲ ಒತ್ತಿ ಕುಣಿಸಿ, ಕೈ ತೆಗೆಯಿರಿ. ಕಾರು ಮೇಲೆ ಬಂದು ಒಮ್ಮೆ ಇಳಿದು ನಿಲ್ಲಬೇಕು. ಅದಕ್ಕಿಂತ ಜಾಸ್ತಿ ಕುಣಿದರೆ ಆ ಮೂಲೆಯ ಶಾಕಪ್ ಮುಗಿದಿದೆ. ಆದರೆ ಕುಣಿಯದೇ ನಿಂತಿತು ಎಂದ ಮಾತ್ರಕ್ಕೆ ಶಾಕಪ್ ಚೆನ್ನಾಗಿದೆ ಎಂದಲ್ಲ. ಕೈಯಿಂದ ಒತ್ತುವ ವೇಗ ಕಡಿಮೆ. ಅರ್ಧ ಸತ್ತ ಶಾಕಪ್ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಅದಕ್ಕೇ ನಾನು ಇನ್ನೆರಡು ನೋಡುತ್ತೇನೆ.

ಒಂದು, ಟೈರಿನ ಮೇಲೆ ಅಂಗೈ ಸವರುವುದು. ಸುತ್ತಲೂ ಉಬ್ಬು ತಗ್ಗು, ಉಬ್ಬು ತಗ್ಗು ಎಂದು ಕೈಗೆ ಹತ್ತಿದರೆ ಆ ಚಕ್ರ ಬಹಳ ದಿನದಿಂದ ರಸ್ತೆಯ ಮೇಲೆ ಕುಪ್ಪಳಿಸುತ್ತಿದೆ ಎಂದು ಅರ್ಥ. ಇನ್ನೊಂದು, ಕೆಟ್ಟ ರಸ್ತೆಯಲ್ಲಿ ಹತ್ತು ಹದಿನೈದು ಕಿ.ಮೀ. ಓಡಿಸಿ ಬಂದ ಕೂಡಲೇ ಶಾಕಪ್ ಮೈ ಮುಟ್ಟಿ ನೋಡುವುದು. ಸೈಲೆನ್ಸರ್ ಪೈಪು ಕಾದಿರುತ್ತದೆ, ಹುಷಾರು. ಕೆಲಸ ಮಾಡುವ ಶಾಕಪ್ ಬೆಚ್ಚಗಿರುತ್ತದೆ, ಯಾಕೆಂದರೆ ಕುಣಿತವನ್ನು ಅದು ಬಿಸಿಯಾಗಿ ಮಾಡಿದೆ. ಜೋಡಿಯಲ್ಲಿ ಒಂದು ಬೆಚ್ಚಗೆ, ಒಂದು ತಣ್ಣಗೆ ಇದ್ದರೆ ತಣ್ಣಗಿರುವುದು ಏನೂ ಮಾಡುತ್ತಿಲ್ಲ. ಮುಟ್ಟುವಾಗಲೇ ಆಯಿಲ್ ಕೂಡ ನೋಡಿ. ತೆಳ್ಳಗೆ ಪಸೆ ಇದ್ದರೆ ಹೆದರಬೇಡಿ. ಆಯಿಲ್ ಇಳಿದು, ಅದಕ್ಕೆ ಧೂಳು ಮೆತ್ತಿ ಕೆಸರಾಗಿದ್ದರೆ ಸೀಲ್ ಹೋಗಿದೆ.

ಟಕ್ ಟಕ್ ಸದ್ದಿಗೆ ಮನೆಯಲ್ಲಿ ಮಾಡುವ ಪರೀಕ್ಷೆ ಸಾಲದು. ಗ್ಯಾರೇಜಿನಲ್ಲಿ ಜಾಕ್ ಏರಿಸಿ ಸಣ್ಣ ಹಾರೆ ಹಾಕಿ ಮೀಟಿ ನೋಡಬೇಕು. ಸಣ್ಣ ಕಲ್ಲಿನ ರಸ್ತೆಯಲ್ಲಿ, ನಿಧಾನದಲ್ಲಿ, ಒಂದೇ ಕಡೆ ಟಕ್ ಟಕ್ ಎಂದರೆ ಬಹಳ ಸಲ ಅದು ಸ್ಟೆಬಿಲೈಸರ್ ಲಿಂಕ್ ರಾಡ್, ಅಂದರೆ ಕಾರು ವಾಲದಂತೆ ತಡೆಯುವ ಸರಳನ್ನು ಜೋಡಿಸುವ ಸಣ್ಣ ಕಡ್ಡಿ. ಸಸ್ಪೆನ್ಷನ್ನಿನಲ್ಲೇ ಅಗ್ಗದ ಸಾಮಾನುಗಳಲ್ಲಿ ಅದೂ ಒಂದು. ಸುಮ್ಮನೆ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಕಟಕಟ ಎಂದರೆ ಶಾಕಪ್ ಮೇಲಿನ ಮೌಂಟ್ ಬೇರಿಂಗ್. ಬ್ರೇಕ್ ಹಾಕುವಾಗ, ಬಿಡುವಾಗ ಒಂದೊಂದೇ ‘ಟಕ್’ ಎಂದರೆ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬುಷ್. ಲೋವರ್ ಆರ್ಮ್‌ನ ಬಾಲ್ ಜಾಯಿಂಟ್, ಅಂದರೆ ಆ ತೋಳನ್ನು ಚಕ್ರದ ಕಡೆಗೆ ಸೇರಿಸುವ ಗುಂಡಿನ ಕೀಲು, ಸಡಿಲಾಗಿ ಆಡುತ್ತಿದ್ದರೆ ಮಾತ್ರ ಮನೆಗೆ ಓಡಿಸಿಕೊಂಡು ಬರಬೇಡಿ. ಅಲ್ಲೇ ಬಿಟ್ಟು ಬನ್ನಿ. ಅದು ಕಳಚಿದರೆ ಚಕ್ರ ಮಡಚಿ ಬೀಳುತ್ತದೆ. ನಿಮ್ಮ 15,000ದ ಮೊದಲ ರೂಪಾಯಿ, ಆಟ ಇದ್ದರೆ, ಅಲ್ಲಿಗೇ ಹೋಗಬೇಕು.

ರಬ್ಬರ್ ಯಾಕೆ ಬೇಡ ಎಂದು ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಎಂಬುದಕ್ಕೆ ಕಾರಣ ಇದೆ. ನಾನು ಗ್ಯಾರೇಜ್ ಶುರು ಮಾಡಿದ ಹೊಸದರಲ್ಲಿ ಅವನ್ನು ಹಾಕಿಕೊಟ್ಟಿದ್ದೇನೆ. ಗಿರಾಕಿಗಳಿಗೆ ಖುಷಿಯಾಗುತ್ತಿತ್ತು, ಕಾರು ಕೂಡಲೇ ಎತ್ತರವಾಗಿ ಕಾಣುತ್ತಿತ್ತು. ಒಂದು ಬನದ ಹುಣ್ಣಿಮೆಗೆ ಒಬ್ಬರು ಕುಟುಂಬ ಸಮೇತ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದರು. ಗುಡ್ಡ ಇಳಿದು ಬರುವಾಗ ಹಿಂದಿನ ಒಂದು ಸ್ಪ್ರಿಂಗ್ ಮುರಿದು ಕಾರು ಒಂದು ಕಡೆ ಕುಸಿಯಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಬಿಚ್ಚಿ ನೋಡಿದರೆ ಸರಿಯಾಗಿ ರಬ್ಬರಿನ ಪಕ್ಕದ ಸುತ್ತಿನಲ್ಲೇ ಮುರಿದಿತ್ತು. ರಬ್ಬರ್ ಕೂತ ಸುತ್ತು ಕುಗ್ಗುವುದಿಲ್ಲ. ಅದರ ಪಾಲಿನ ಕೆಲಸವನ್ನೂ ಉಳಿದ ಸುತ್ತುಗಳೇ ಮಾಡಬೇಕು. ನಡುವೆ ಸೇರುವ ಧೂಳು, ನೀರು ಬಣ್ಣ ಕೆರೆದು ತುಕ್ಕು ಹಿಡಿಸುತ್ತವೆ. ಅಷ್ಟೇ ಅಲ್ಲ, ಕಾರು ಗಡುಸಾದಷ್ಟೂ ಅದನ್ನು ಹಿಡಿಯಲು ಶಾಕಪ್‌ಗೆ ಜಾಸ್ತಿ ಬಲ ಬೇಕು. ನಿಮ್ಮ ಶಾಕಪ್ ಮೊದಲೇ ಸೋತಿದೆ. ಆ ದಿನದಿಂದ ನಾನು ಯಾರ ಕಾರಿಗೂ ರಬ್ಬರ್ ಹಾಕಿಲ್ಲ.

ಹಾಗೆಯೇ ಹಳೇ ಶಾಕಪ್‌ಗೆ ತೂತು ಕೊರೆದು ಆಯಿಲ್ ತುಂಬಿ, ವೆಲ್ಡ್ ಮಾಡಿ, ಬಣ್ಣ ಬಳಿದು ಕೊಡುವವರು ಇದ್ದಾರೆ. ಬೇಡ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಆ 34,000ದ ಅಂದಾಜನ್ನು ಸಾಮಾನು ಸಾಮಾನಿಗೆ ಬಿಡಿಸಿ ಬರೆದುಕೊಡಲು ಹೇಳಿ. ಅದರಿಂದ ಮುಂದಿನ ಎರಡು ಸ್ಪ್ರಿಂಗ್ ಹೊಡೆದುಹಾಕಿ. ಅಳತೆ ಸರಿ ಇದ್ದು, ತುಕ್ಕು ಮುರುಕು ಇಲ್ಲದಿದ್ದರೆ ಹಳೇ ಸ್ಪ್ರಿಂಗನ್ನೇ ಹೊಸ ಶಾಕಪ್ ಮೇಲೆ ಕೂರಿಸಬಹುದು. ನನ್ನ ಕೈಯಲ್ಲಿದ್ದರೆ ಮೊದಲ ಸುತ್ತಿನಲ್ಲಿ ಮುಂದಿನ ಎರಡೂ ಲಿಂಕ್ ರಾಡ್, ಹಿಂದಿನ ಎರಡೂ ಶಾಕಪ್, ಎರಡೂ ಬಂಪ್ ಸ್ಟಾಪ್ ಹಾಕುತ್ತಿದ್ದೆ. ಅಳತೆಯಲ್ಲಿ ತಗ್ಗಿದ್ದರೆ ಹಿಂದಿನ ಎರಡೂ ಸ್ಪ್ರಿಂಗ್ ಸಹ, ಏಕೆಂದರೆ ಅದೇ ಕೂಲಿಯಲ್ಲಿ ಆಗಿಹೋಗುತ್ತದೆ. ಈ ತರಹದ ಬಹುಪಾಲು ಸೆಡಾನ್‌ಗಳಲ್ಲಿ ಹಿಂದಿನ ಶಾಕಪ್ ಬೇರೆ, ಸ್ಪ್ರಿಂಗ್ ಬೇರೆ ಕೂತಿರುತ್ತವೆ. ಕೆಲಸ ಸಲೀಸು. ಮುಂದಿನ ಎರಡು ಶಾಕಪ್ ಎರಡನೇ ಸುತ್ತಿಗೆ, ಎರಡು ಮೂರು ತಿಂಗಳು ಬಿಟ್ಟು. ಆದರೆ ಮುಂದಿನ ಶಾಕಪ್ ಆಯಿಲ್ ಸೋರುತ್ತಿದ್ದರೆ ಈ ಲೆಕ್ಕ ತಲೆಕೆಳಗು. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದೆ ಬರುತ್ತದೆ, ಸ್ಟಿಯರಿಂಗ್ ಕೂಡ ಅಲ್ಲೇ ಇದೆ. ಆಗ ಮುಂದಿನದೇ ಮೊದಲು ಆಗಲಿ, ಹಿಂದಿನ ಧಡ್ ಸ್ವಲ್ಪ ದಿನ ತಡೆದುಕೊಳ್ಳಿ. ಹಿಂದೆ ಇಬ್ಬರೇ ಕೂರಿ, ಡಿಕ್ಕಿಯಲ್ಲಿ ಅಕ್ಕಿ ಚೀಲ ಹೇರಬೇಡಿ.

ಶಾಕಪ್ ಯಾವಾಗಲೂ ಜೋಡಿಯಾಗಿ ಬದಲಾಗಬೇಕು. ಎಡಕ್ಕೆ ಹೊಸದು, ಬಲಕ್ಕೆ ಹಳೇದು ಎಂದರೆ ತಿರುವಿನಲ್ಲಿ ಕಾರು ಎರಡು ತರಹ ನಡೆದುಕೊಳ್ಳುತ್ತದೆ. ಮುಂದಿನದು ಹಾಕುವಾಗ ಮೇಲಿನ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಧೂಳು ತಡೆಯುವ ಬೂಟ್ ಇಷ್ಟನ್ನೂ ಹೊಸದು ಹಾಕಿಸಿ. ಉಳಿತಾಯ ಎಂದು ಹಳೇ ಬೂಟ್ ಬಿಟ್ಟರೆ ನಮ್ಮ ಕಡೆಯ ಧೂಳಿಗೆ ಹೊಸ ಶಾಕಪ್‌ನ ಸೀಲ್ ಬಹಳ ದಿನ ಬಾಳುವುದಿಲ್ಲ.

ಒಳ್ಳೇ ಸಾಮಾನು ಕೂಡ ಕೆಟ್ಟ ಫಿಟ್ಟಿಂಗ್‌ನಲ್ಲಿ ಹಾಳಾಗುತ್ತದೆ. ಆದ್ದರಿಂದ ನೀವೋ ಯಜಮಾನರೋ ಆ ದಿನ ಗ್ಯಾರೇಜಿನಲ್ಲಿ ನಿಂತು ನಾಲ್ಕು ವಿಷಯ ನೋಡಬೇಕು. ಮುಂದಿನ ಸ್ಪ್ರಿಂಗ್ ಬಿಚ್ಚುವಾಗ ಸ್ಪ್ರಿಂಗ್ ಕಂಪ್ರೆಸರ್ ಹಾಕಿಯೇ ಬಿಚ್ಚಬೇಕು. ಅದಿಲ್ಲದೆ ಮೇಲಿನ ನಟ್ ಬಿಟ್ಟರೆ ಸ್ಪ್ರಿಂಗ್ ಸಿಡಿದು ಮನುಷ್ಯನ ಜೀವಕ್ಕೇ ಅಪಾಯ. ಕಂಪ್ರೆಸರ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಲೇಬೇಡಿ. ಹೊಸ ಶಾಕಪ್ಪನ್ನು ನೆಟ್ಟಗೆ ಹಿಡಿದು ಪೂರ್ತಿ ಒತ್ತಿ, ಪೂರ್ತಿ ಎಳೆದು ನಾಲ್ಕೈದು ಸಲ ಆಡಿಸಬೇಕು. ಅಂಗಡಿಯಲ್ಲಿ ಅಡ್ಡ ಮಲಗಿಸಿ ಇಟ್ಟಿರುತ್ತಾರೆ, ಆಯಿಲ್ ಇರಬೇಕಾದಲ್ಲಿ ಗಾಳಿ ಸೇರಿರುತ್ತದೆ. ಅದರ ಹೊಳೆಯುವ ರಾಡಿಗೆ ಇಕ್ಕಳ ಹಾಕಿ ಹಿಡಿಯಲು ಬಿಡಬೇಡಿ. ಒಂದು ಗೀರು ಬಿದ್ದರೆ ಸಾಕು, ಸೀಲ್ ಕತ್ತರಿಸುತ್ತಾ ಹೋಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಮರೆಯುವುದೂ ಅದನ್ನೇ. ಲೋವರ್ ಆರ್ಮ್ ಬುಷ್, ಹಿಂದಿನ ಶಾಕಪ್‌ನ ಕೆಳಗಿನ ಬುಷ್ ಇವುಗಳ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಬಿಗಿಯಬಾರದು. ಈ ಬುಷ್‌ನ ರಬ್ಬರ್ ತಿರುಚಿಕೊಂಡು ಕೆಲಸ ಮಾಡುತ್ತದೆ. ಜಾಕ್ ಮೇಲೆ ಚಕ್ರ ಜೋತುಬಿದ್ದಾಗ ಬಿಗಿದರೆ ಆ ಸ್ಥಿತಿಯೇ ಅದಕ್ಕೆ ನೆಟ್ಟಗಿನ ಸ್ಥಿತಿಯಾಗುತ್ತದೆ. ಕಾರು ಕೆಳಗಿಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ಬದುಕಬೇಕು. ಬಹಳ ಬೇಗ ಹರಿದುಹೋಗುತ್ತದೆ. ಆಮೇಲೆ ‘ಡೂಪ್ಲಿಕೇಟ್ ಸಾಮಾನು ಕೊಟ್ಟರು’ ಎಂದು ಅಂಗಡಿಯವರನ್ನು ಬೈಯುತ್ತೇವೆ. ಸಾಮಾನು ಅಸಲಿಯೇ ಇರುತ್ತದೆ, ಬಿಗಿದದ್ದು ತಪ್ಪು. ಬೋಲ್ಟ್ ಸಡಿಲಾಗಿ ಹಾಕಿ, ಕಾರಿನ ಭಾರ ಚಕ್ರದ ಮೇಲೆ ಕೂರಿಸಿ, ಒಂದೆರಡು ಸಲ ಕುಣಿಸಿ, ಆಮೇಲೆ ಕೆಳಗೆ ತೂರಿ ಪಾನಾ ಹಾಕಿ ಬಿಗಿಯಲು ಹೇಳಿ. ಮೇಸ್ತ್ರಿಗೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಚಹಾ ಕುಡಿಸಿ ಕೇಳಿ, ಮಾಡಿಕೊಡುತ್ತಾರೆ.

ಮುಂದಿನ ಶಾಕಪ್‌ಗಳ ಕೆಲಸ ಆದ ದಿನವೇ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ. ಐನೂರು ಕಿ.ಮೀ. ಆದಮೇಲೆ ಎಲ್ಲ ನಟ್ ಬಿಗಿ ಇವೆಯೇ ಎಂದು ಒಮ್ಮೆ ನೋಡಿಸಿ. ಹೊಸ ಶಾಕಪ್ ಹಾಕಿದ ಮೊದಲ ವಾರ ಕಾರು ಸ್ವಲ್ಪ ಗಟ್ಟಿ ಎನಿಸಬಹುದು. ಇಷ್ಟು ದಿನ ಮೆತ್ತಗಿನದಕ್ಕೆ ಒಗ್ಗಿಕೊಂಡಿದ್ದೀರಿ, ಅದಕ್ಕೆ ಹಾಗೆ. ಯರಗಟ್ಟಿ ದಾಟಿ ಅದೇ ರಸ್ತೆಯಲ್ಲಿ ಅದೇ 70ರಲ್ಲಿ ಹೋಗಿ ನೋಡಿ, ಅಲೆ ದಾಟಿದ ಕೂಡಲೇ ಕಾರು ತೆಪ್ಪಗಾಗಬೇಕು.

ರವಿವಾರದ ಆ ನಾಲ್ಕು ಅಳತೆ, ಸಿಲಿಂಡರ್ ಎಷ್ಟು ಲೀಟರಿನದು, ಯಾವ ಶಾಕಪ್ ತಣ್ಣಗಿತ್ತು ಇಷ್ಟನ್ನು ಬರೆದು ಕಳಿಸಿ. ಹಿಂದಿನ ಸ್ಪ್ರಿಂಗ್ ಈ ಸುತ್ತಿನಲ್ಲೇ ಬೇಕೋ, ದೀಪಾವಳಿ ತನಕ ತಡೆಯುತ್ತದೋ ನೋಡಿ ಹೇಳುತ್ತೇನೆ.